ರಾಕ್ಷಸರ ಪುಸ್ತಕವೇ ಯಾಕೆ ಬೇಕು ಮಕ್ಕಳಿಗೆ?

ನಾನು ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುತ್ತೇನೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ. ಹಣ್ಣು, ತರಕಾರಿ, ವಾಹನ ಅಂತ ಒಳ್ಳೊಳ್ಳೆ ಪುಸ್ತಕ ತಂದುಕೊಟ್ಟರೂ ಮಗು ಮುಟ್ಟುವುದಿಲ್ಲ, ರಾಕ್ಷಸ, ಮಾಯದ ಕಾಡು ಅಂದರೆ ಕೈಬಿಡುವುದಿಲ್ಲ, ಯಾಕೆ?

ನಾಲ್ಕು ವರ್ಷದ ಮಗುವಿನ ಒಂದು ದಿನ ನೋಡಿ. ಏಳು, ಹಲ್ಲುಜ್ಜು, ಬೇಗ ತಿನ್ನು, ಚಪ್ಪಲಿ ಹಾಕ್ಕೋ, ಸಾಕು ಮಲಗು. ಎಲ್ಲವೂ ಬೇರೆಯವರ ತೀರ್ಮಾನ. ಸಾಹಸದ ಕಥೆಯಲ್ಲಿ ಮಾತ್ರ ದೋಣಿ ಹತ್ತಬೇಕೋ ಬೇಡವೋ, ಗುಹೆಯೊಳಗೆ ಹೋಗಬೇಕೋ ಬೇಡವೋ ಅಂತ ನಿರ್ಧರಿಸುವುದು ತನ್ನಷ್ಟೇ ಎತ್ತರದ ಒಬ್ಬ ಹುಡುಗ ಅಥವಾ ಹುಡುಗಿ. ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಅಮೆರಿಕದ ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಅನ್ನುವ ಚಿತ್ರಪುಸ್ತಕ 1963ರಲ್ಲಿ ಬಂತು. ಮಕ್ಕಳು ಹೆದರುತ್ತಾರೆ ಅಂತ ಆಗಲೂ ದೊಡ್ಡವರು ಆತಂಕಪಟ್ಟಿದ್ದರು. ಮರುವರ್ಷ ಅದಕ್ಕೆ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕೊಡುವ ದೊಡ್ಡ ಪ್ರಶಸ್ತಿಯಾದ ಕಾಲ್ಡೆಕಾಟ್ ಪದಕ ಸಿಕ್ಕಿತು. ಅದರಲ್ಲಿ ತೋಳದ ವೇಷ ಹಾಕಿ ರಂಪ ಮಾಡಿದ ಮ್ಯಾಕ್ಸ್ ಅನ್ನುವ ಹುಡುಗನನ್ನು ಅಮ್ಮ ಊಟ ಕೊಡದೆ ಮಲಗಲು ಕಳಿಸುತ್ತಾಳೆ. ಅವನ ಕೋಣೆಯಲ್ಲೇ ಕಾಡು ಬೆಳೆಯುತ್ತದೆ, ಸಮುದ್ರ ಬರುತ್ತದೆ, ಆಚೆ ದಡದಲ್ಲಿ ಹಲ್ಲು ಕಡಿಯುವ ಮೃಗಗಳಿವೆ, ಇವನು ರೆಪ್ಪೆ ಮಿಟುಕಿಸದೆ ಅವುಗಳ ಕಣ್ಣನ್ನೇ ದಿಟ್ಟಿಸಿ ಅವಕ್ಕೆ ರಾಜನಾಗುತ್ತಾನೆ. ಸಿಟ್ಟು ಬಂದಾಗ ಒಳಗೆ ಏನಾಗುತ್ತಿದೆ ಅಂತ ಹೇಳಲು ಮಗುವಿನ ಹತ್ತಿರ ಮಾತಿರುವುದಿಲ್ಲ. ಇಲ್ಲಿ ಆ ಸಿಟ್ಟಿಗೆ ಉಗುರು, ಕೊಂಬು ಬಂದಿದೆ, ಅದು ತನ್ನ ಮಾತನ್ನೂ ಕೇಳುತ್ತದೆ!

ಆ ಪುಸ್ತಕದ ಚಿತ್ರಗಳನ್ನೇ ಗಮನಿಸಿ. ಶುರುವಿನಲ್ಲಿ ಚಿಕ್ಕ ಚಿತ್ರ, ಸುತ್ತ ತುಂಬ ಬಿಳಿ ಜಾಗ. ಕಾಡು ಬೆಳೆದ ಹಾಗೆ ಚಿತ್ರವೂ ಬೆಳೆಯುತ್ತದೆ. ಮೃಗಗಳ ಜೊತೆ ಕುಣಿತ ಶುರುವಾದಾಗ ಮೂರು ಜೋಡಿ ಪುಟಗಳಲ್ಲಿ ಒಂದಕ್ಷರವೂ ಇಲ್ಲ, ಬರೀ ಚಿತ್ರ. ಅಲ್ಲಿ ಅಕ್ಷರ ಬಾರದ ಮಗು ನಮಗಿಂತ ಚೆನ್ನಾಗಿ ಓದುತ್ತದೆ. ನಾವು ಪುಟ ತಿರುಗಿಸಲು ಹೊರಟರೆ ಕೈ ಹಿಡಿದು, "ಇರಿ, ಇದರ ಕಾಲು ನೋಡಿ, ಮನುಷ್ಯರ ಕಾಲು!" ಅನ್ನುತ್ತದೆ. ಕೊನೆಗೆ ಮ್ಯಾಕ್ಸ್‌ಗೆ ಬೇಜಾರಾಗಿ ವಾಪಸ್ ಬಂದರೆ ಕೋಣೆಯಲ್ಲಿ ಊಟ ಕಾದಿದೆ, ಇನ್ನೂ ಬಿಸಿಯಿದೆ. ಎಷ್ಟು ದೂರ ಹೋದರೂ ಮನೆ ಇದ್ದಲ್ಲೇ ಇರುತ್ತದೆ ಅನ್ನುವ ಧೈರ್ಯ ಸಿಕ್ಕರೆ ಮಕ್ಕಳು ಎಂಥ ಕಾಡಿಗೂ ಹೊರಡುತ್ತಾರೆ.

ಇದೇನೂ ನಮಗೆ ಹೊಸದಲ್ಲ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆ ಹೇಳಿಯೇ ನಮ್ಮ ಅಜ್ಜಿಯರು ತುತ್ತು ತಿನ್ನಿಸಿದ್ದು, ಅಲ್ವಾ?

ಸುಳ್ಳನ್ನು ನಿಜ ಅಂದುಕೊಂಡುಬಿಟ್ಟರೆ ಅಂತಲೂ ಕೆಲವರು ಕೇಳುತ್ತಾರೆ. ಖಾಲಿ ಲೋಟದಲ್ಲಿ ನಿಮಗೆ ಕಾಫಿ ಕೊಟ್ಟು, ನೀವು ಕುಡಿದಂತೆ ಮಾಡಿದರೆ ಖುಷಿಪಡುವ ಮಗುವಿಗೆ ಲೋಟ ಖಾಲಿ ಅಂತ ಚೆನ್ನಾಗಿ ಗೊತ್ತು. ಯಾವುದಾದರೂ ಚಿತ್ರ ನೋಡಿ ನಿಜವಾಗಿಯೂ ಹೆದರಿದರೆ ಆ ಪುಸ್ತಕ ಎತ್ತಿಡಿ, ಒತ್ತಾಯ ಬೇಡ. ಇಷ್ಟಪಟ್ಟು ಅದನ್ನೇ ಮತ್ತೆ ಮತ್ತೆ ಓದಿಸಿಕೊಂಡರೆ ಬೇಸರಿಸದೆ ಓದಿ. ಮುಗಿದ ಮೇಲೆ ದಯವಿಟ್ಟು "ಇದರಿಂದ ಏನು ಕಲಿತೆ?" ಅಂತ ಮಾತ್ರ ಕೇಳಬೇಡಿ.