ನೆಫರ್ತಿಯ ರಾಜ, ಕುಂಬಾರನ ರಾಜ

ಬಿ.ಎ. ಎರಡನೆಯ ವರ್ಷದಲ್ಲಿ ನಮಗೆ ಪ್ರಾಚೀನ ನಾಗರಿಕತೆಗಳನ್ನು ಪಾಠ ಮಾಡುತ್ತಿದ್ದ ಇತಿಹಾಸದ ಮೇಷ್ಟ್ರು, ಒಂದು ಮಧ್ಯಾಹ್ನ ಪಠ್ಯಪುಸ್ತಕವನ್ನು ಮುಚ್ಚಿಟ್ಟು ಈಜಿಪ್ಟಿನ ಕಥೆಯೊಂದನ್ನು ಹೇಳತೊಡಗಿದರು. ಸ್ನೆಫ್ರು ಎಂಬ ಫೇರೋ ಹೊತ್ತು ಕಳೆಯಲೆಂದು ನೆಫರ್ತಿ ಎಂಬ ಪುರೋಹಿತನನ್ನು ಕರೆಸಿ, ಆಗಿಹೋದದ್ದು ಬೇಡ, ಮುಂದಾಗುವುದನ್ನು ಹೇಳು ಎನ್ನುತ್ತಾನೆ. ಅಷ್ಟೇ ಅಲ್ಲ, ಲೇಖನ ಸಾಮಗ್ರಿಯ ಪೆಟ್ಟಿಗೆಗೆ ತಾನೇ ಕೈಚಾಚಿ, ಸುರುಳಿ ಬಿಚ್ಚಿ, ಕರಣಿಕನಂತೆ ಬರೆದುಕೊಳ್ಳಲು ಕೂರುತ್ತಾನೆ. ನೆಫರ್ತಿ ನುಡಿಯುತ್ತಾನೆ: ನದಿ ಬತ್ತಿ ಜನ ನಡೆದೇ ದಾಟುವರು, ಪೂರ್ವದಿಂದ ಪರಕೀಯರು ನುಗ್ಗುವರು, ಮಗ ತಂದೆಯನ್ನು ಕೊಲ್ಲುವನು. ಆಗ ದಕ್ಷಿಣದಿಂದ ಅಮೇನಿ ಎಂಬ ರಾಜ ಬಂದು, 'ಅರಸನ ಗೋಡೆ'ಯನ್ನು ಕಟ್ಟಿಸಿ ನಾಡನ್ನು ಕಾಯುವನು.

ನಾವು ಬೆರಗಾಗಿ ಕುಳಿತಿದ್ದೆವು. ಮೇಷ್ಟ್ರು ಏನೂ ಹೇಳದೆ ಕಪ್ಪು ಹಲಗೆಯ ಮೇಲೆ ಎರಡು ಕಾಲಗಳನ್ನು ಬರೆದರು: ಸ್ನೆಫ್ರು, ಸುಮಾರು ಕ್ರಿ.ಪೂ. 2600, ಒಂದನೆಯ ಅಮೆನೆಮ್ಹತ್, ಸುಮಾರು ಕ್ರಿ.ಪೂ. 1990. ಅಮೇನಿ ಎಂಬುದು ಅಮೆನೆಮ್ಹತ್ ಎಂಬ ಹೆಸರಿನ ಮೊಟಕು ರೂಪ. ಹನ್ನೆರಡನೆಯ ರಾಜವಂಶವನ್ನು ಹೊಸದಾಗಿ ಸ್ಥಾಪಿಸಿದ ಆತನಿಗೆ ಹಳೆಯದೊಂದು ಭವಿಷ್ಯವಾಣಿಯ ಬೆಂಬಲ ಬೇಕಾಗಿತ್ತು. ಆದ್ದರಿಂದ ರಾಜ ಪಟ್ಟಕ್ಕೆ ಬಂದ ಮೇಲೆ ಆಸ್ಥಾನದ ಯಾರೋ ಜಾಣ ಲಿಪಿಕಾರ ಅದನ್ನು ಆರುನೂರು ವರ್ಷ ಹಿಂದಕ್ಕೆ ಕೊಂಡೊಯ್ದು ಸ್ನೆಫ್ರುವಿನ ಕೈಯಿಂದಲೇ ಬರೆಸಿದ. ಬರೆದವನ ಕುಶಲತೆಯನ್ನು ಮಾತ್ರ ನಾನು ಇಂದಿಗೂ ಮೆಚ್ಚುತ್ತೇನೆ.

ಮರುದಿನ ಬಂದದ್ದು ಕುಂಬಾರನ ಭವಿಷ್ಯವಾಣಿ. ಗ್ರೀಕ್ ಪಪೈರಸ್‌ಗಳಲ್ಲಿ ಉಳಿದಿರುವ ಈ ಕೃತಿಯಲ್ಲಿ, ಜನರು ತನ್ನ ಮಡಕೆಗಳನ್ನು ಒಡೆದುಹಾಕಿದ ಮೇಲೆ ಕುಂಬಾರನೊಬ್ಬನು ರಾಜನೆದುರು ನಿಂತು ನಾಡಿನ ಮುಂದಿನ ಗತಿಯನ್ನು ನುಡಿಯುತ್ತಾನೆ: ಪರಕೀಯರು ಕಡಲ ದಡದಲ್ಲಿ ಕಟ್ಟಿದ ನಗರ ಬೆಸ್ತರು ಬಲೆ ಒಣಗಿಸುವ ಜಾಗವಾಗುವುದು, ಐಸಿಸ್ ದೇವಿ ನೇಮಿಸಿದ ರಾಜನು ಸೂರ್ಯನಿಂದ ಬಂದು 55 ವರ್ಷ ಆಳುವನು. ನಗರ ಅಲೆಕ್ಸಾಂಡ್ರಿಯಾ, ಪರಕೀಯರು ಆಗ ಈಜಿಪ್ಟನ್ನು ಆಳುತ್ತಿದ್ದ ಟಾಲೆಮಿ ವಂಶದ ಗ್ರೀಕರು. ಬರಲಿರುವ ಈ ರಾಜನಿಗೆ ಹೆಸರಿಲ್ಲ, ಏಕೆಂದರೆ ಅವನಿನ್ನೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಬಂದದ್ದು ರೋಮ್. ಆದರೂ ರೋಮನರ ಆಳ್ವಿಕೆಯಲ್ಲೂ ಜನ ಅದನ್ನು ಪ್ರತಿ ಮಾಡಿಕೊಳ್ಳುತ್ತಲೇ ಇದ್ದರು. ಹೆಸರು ಹಿಡಿದು ಹೇಳಿದ ಭವಿಷ್ಯಕ್ಕಿಂತ ಹೆಸರಿಲ್ಲದ ಈ ನಿರೀಕ್ಷೆಯೇ ನನಗೆ ಹೆಚ್ಚು ನಿಜವೆನಿಸಿತು. ಅದರಲ್ಲಿ ಆಸ್ಥಾನದ ಲೆಕ್ಕಾಚಾರವಿಲ್ಲ, ಸೋತವರ ಸಿಟ್ಟಿದೆ.

ನಿಮ್ಮೂರಿನ ಕಾಲಜ್ಞಾನದ ಮಾತೊಂದನ್ನು ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ವೀರವಸಂತರಾಯ ಬಂದು ಧರ್ಮವನ್ನು ನಿಲ್ಲಿಸುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ನಾನು ಬರೆದುಕೊಂಡು ಹೋದೆ. ಯಾವಾಗ ಬರುತ್ತಾನಂತೆ ಎಂದು ಅವರು ಕೇಳಿದಾಗ, ಅಜ್ಜಿ ಇಸವಿ ಹೇಳುವುದಿಲ್ಲ ಸಾರ್ ಎಂದೆ. ಅವರು ನಕ್ಕು, ನಿಮ್ಮಜ್ಜಿ ಕುಂಬಾರನ ಕಡೆಯವರು ಕಣಯ್ಯಾ ಎಂದರು. ಆ ನೋಟ್‌ಬುಕ್ ಈಗಲೂ ನನ್ನಲ್ಲಿದೆ. ಅಜ್ಜಿಯ ಮಾತಿನ ಪಕ್ಕದಲ್ಲಿ ಅವರ ಕೆಂಪು ಶಾಯಿಯಲ್ಲಿ ಎರಡೇ ಪದಗಳಿವೆ: 'ಯಾವಾಗ ಬರೆದದ್ದು?'