ಆ 1.40 ಅಂಕ ಎಲ್ಲಿ ಹೋಯಿತು?

ಮಡಿಕೇರಿಯಲ್ಲಿ ವಿಜಯದಶಮಿಯ ರಾತ್ರಿ ಒಂದೂವರೆ ಗಂಟೆ. ಟ್ರ್ಯಾಕ್ಟರ್ ಮೇಲೆ ಆಡುವ ಬೊಂಬೆಗಳಿಂದ ದೇವರ ಕಥೆ ತೋರಿಸುವ ದಸರಾ ಮಂಟಪಗಳು ಬಹುಮಾನಕ್ಕೆ ಪೈಪೋಟಿ ನಡೆಸುವ ರಾತ್ರಿ ಅದು. ನಾವು ನಿಂತಿದ್ದ ತಿರುವಿಗೆ ಮೊದಲ ಮಂಟಪ ಇನ್ನೂ ಬಂದಿರಲಿಲ್ಲ. ಭಾವ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ನಾನು ಜರ್ಮನಿಯಲ್ಲಿ ತೆಗೆದ ವಿಡಿಯೊ ನೋಡುತ್ತಿದ್ದರು. ಬೈಕಿನಲ್ಲಿ ಹಾರಿ ಗಾಳಿಯಲ್ಲೇ ಕಸರತ್ತು ತೋರಿಸುವ 'ಫ್ರೀಸ್ಟೈಲ್ ಮೋಟೋಕ್ರಾಸ್' ಸ್ಪರ್ಧೆ ಅದು. ಬೈಕ್ ಸವಾರನೊಬ್ಬ ರ‍್ಯಾಂಪ್ ಏರಿ ಗಾಳಿಗೆ ಚಿಮ್ಮಿದ, ಎರಡೂ ಕೈ ಬಿಟ್ಟು ಈಜುವವನಂತೆ ಚಾಚಿಕೊಂಡ, ಮತ್ತೆ ಹಿಡಿಕೆ ಹಿಡಿದು ಆಚೆ ಇಳಿದ. ಪರದೆಯ ಮೇಲೆ ಅಂಕ ಬಿತ್ತು.

"ಇದಕ್ಕೆಲ್ಲ ಮಾರ್ಕ್ಸ್ ಕೊಡುವವರು ಯಾರು? ಯಾವ ಲೆಕ್ಕದಲ್ಲಿ ಕೊಡುತ್ತಾರೆ?" ಎಂದು ಕೇಳಿದರು ಭಾವ.

ಈ ಪ್ರಶ್ನೆಯ ಹಿಂದೆ ಹಳೆಯ ಗಾಯವಿದೆ. ಕೆಲವು ವರ್ಷಗಳ ಹಿಂದೆ ಅವರು ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿದ ಮಂಟಪದಲ್ಲಿ, ತೀರ್ಪುಗಾರರು ಎದುರಿಗೆ ನಿಂತಿದ್ದಾಗಲೇ ಅಸುರನ ರುಂಡ ಬೀಳದೆ ಸಿಕ್ಕಿಕೊಂಡಿತು. ದೇವಿಯ ಕತ್ತಿ ಇಳಿದಾಗಿದೆ, ರಕ್ತದ ಕೆಂಪು ದೀಪ ಹತ್ತಿಯಾಗಿದೆ, ಅಸುರ ಮಾತ್ರ ತಲೆ ಹೊತ್ತುಕೊಂಡೇ ಕುಳಿತಿದ್ದಾನೆ. ಬಹುಮಾನ ಕೈತಪ್ಪಿತು. ಅಂದಿನಿಂದ ತೀರ್ಪುಗಾರ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಭಾವನ ಮುಖ ಹುಣಸೆಹಣ್ಣು ತಿಂದಂತಾಗುತ್ತದೆ.

ನಾನು ಕಲೋನ್ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಭಾನುವಾರ ಅಂಗಡಿಗಳೇ ತೆರೆಯದ ಆ ದೇಶದಲ್ಲಿ ಮೊದಲ ಚಳಿಗಾಲ ಕಳೆಯುವುದು ಸುಲಭವಾಗಿರಲಿಲ್ಲ. ಜೊತೆಗೆ ಕೆಲಸ ಮಾಡುವವಳೊಬ್ಬಳು ಕನಿಕರಪಟ್ಟು ಈ ಸ್ಪರ್ಧೆಗೆ ಕರೆದುಕೊಂಡು ಹೋದಳು. ಅವಳ ಗಂಡ ಹಿಂದೆ ತಾನೇ ಹಾರುತ್ತಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಸಣ್ಣಪುಟ್ಟ ಸ್ಪರ್ಧೆಗಳಲ್ಲಿ ತೀರ್ಪು ಕೊಡುತ್ತಾನೆ. ಒಳಾಂಗಣಕ್ಕೆ ಕಾಲಿಟ್ಟೊಡನೆ ಟೂ ಸ್ಟ್ರೋಕ್ ಎಂಜಿನ್ನಿನ ಹೊಗೆ ಮೂಗಿಗೆ ಬಡಿಯಿತು. ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ವಾಸನೆಯೇ! ಏಳು ಸಾವಿರ ಕಿಲೋಮೀಟರ್ ದೂರದಲ್ಲಿ, ಹೆಲ್ಮೆಟ್ ಹಾಕಿದ ಜರ್ಮನ್ನರ ನಡುವೆ, ನನಗೆ ಮನೆ ನೆನಪಾಗಿ ಕಣ್ಣು ತುಂಬಿತು. ಅದು ಹೊಗೆಯಿಂದ ಎಂದು ಸುಳ್ಳು ಹೇಳಿದೆ.

ತೀರ್ಪುಗಾರರ ಮೇಜಿನ ಹಿಂದಿನ ಸಾಲಿನಲ್ಲೇ ಕುಳಿತಿದ್ದೆ. ರ‍್ಯಾಂಪಿನ ತುದಿಯಿಂದ ಇಳಿಯುವ ದಿಬ್ಬಕ್ಕೆ ಸುಮಾರು 75 ಅಡಿ, ನಮ್ಮ ಸಾರಿಗೆ ಬಸ್ಸು ಎರಡನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ. ಆ ಎರಡು ಬಸ್ಸು ದಾಟುವ ಕ್ಷಣದಲ್ಲಿ ನಡೆಯುವುದನ್ನೆಲ್ಲ ಗೆಳತಿಯ ಗಂಡ ಕಾಗದಕ್ಕೆ ಇಳಿಸಬೇಕು. ಬರೆಯುವುದು ಪೂರ್ತಿ ಪದಗಳನ್ನಲ್ಲ. ಕಸರತ್ತಿನ ಹೆಸರಿಗೆ ಎರಡು ಅಕ್ಷರ, ಅದರ ಕೆಳಗೆ ಒಂದು ಗೆರೆ. ಕೈಕಾಲು ನೆಟ್ಟಗೆ ಚಾಚಿದ್ದರೆ ಉದ್ದ ಗೆರೆ, ಮೊಣಕಾಲು ಮಡಚಿಯೇ ಇದ್ದರೆ ಗಿಡ್ಡ ಗೆರೆ. ಇಳಿಯುವಾಗ ಬೈಕು ತಡವರಿಸಿದರೆ ಗೆರೆಯ ತುದಿಗೊಂದು ಕೊಕ್ಕೆ. ಕಣ್ಣು ಕಾಗದದ ಮೇಲೆ ಬೀಳುತ್ತಲೇ ಇರಲಿಲ್ಲ, ಪೆನ್ಸಿಲ್ ತನ್ನಷ್ಟಕ್ಕೆ ಓಡುತ್ತಿತ್ತು.

ಆ ಗೆರೆಗಳನ್ನು ನೋಡುತ್ತಾ ನೋಡುತ್ತಾ ವ್ಯತ್ಯಾಸ ಗುರುತಿಸುವ ಕಣ್ಣು ನನಗೂ ಬಂತು. ಇಬ್ಬರು ಮಾಡಿದ್ದು 'ಸೂಪರ್‌ಮ್ಯಾನ್' ಎಂಬ ಒಂದೇ ಕಸರತ್ತು. ಒಬ್ಬನ ದೇಹ ಸೀಟಿನಿಂದ ಪೂರ್ತಿ ಬಿಡಿಸಿಕೊಂಡು ಬೈಕಿನ ಹಿಂದೆ ನೇರ ಕೋಲಿನಂತೆ ಚಾಚಿತ್ತು. ಇನ್ನೊಬ್ಬನ ಹೊಟ್ಟೆ ಸೀಟು ಬಿಟ್ಟು ಮೇಲೆದ್ದಿರಲೇ ಇಲ್ಲ. ಜನ ಇಬ್ಬರಿಗೂ ಒಂದೇ ಜೋರಿನಲ್ಲಿ ಕೂಗಿದರು. ಕಾಗದದ ಮೇಲೆ ಒಂದು ಗೆರೆ ಇನ್ನೊಂದರ ಅರ್ಧವಿತ್ತು. ಕೈಗೆ ಹಿಡಿತ ಸಿಗಲೆಂದು ಸೀಟಿನ ಕೆಳಗಿನ ಪಕ್ಕದ ಹಲಗೆಗಳಲ್ಲಿ ತೂತು ಕೊರೆದಿರುತ್ತಾರೆ, ಸೀಟಿನ ಸ್ಪಂಜನ್ನೂ ಕೆತ್ತಿ ತೆಳ್ಳಗೆ ಮಾಡಿರುತ್ತಾರೆ. ಆ ತೂತಿಗೆ ಎಷ್ಟು ತಡವಾಗಿ ಕೈ ಹಾಕಿದ, ಹಿಡಿಕೆಗೆ ಎಷ್ಟು ತಡವಾಗಿ ಮರಳಿದ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸೂಪರ್‌ಮ್ಯಾನ್ ಭಂಗಿಯಲ್ಲೇ ಕಾಲುಗಳನ್ನು ಕತ್ತರಿಯಂತೆ ಆಡಿಸಿದರೆ ಅದಕ್ಕೆ 'ಇಂಡಿಯನ್ ಏರ್' ಎಂಬ ಹೆಸರಂತೆ. ನನ್ನ ಕಡೆ ತಿರುಗಿ ಎಲ್ಲರೂ ನಕ್ಕರು. ನಮ್ಮೂರಲ್ಲಿ ಹಾಗೆ ಕಾಲು ಆಡಿಸುವುದು ಜಿಗಣೆ ಹತ್ತಿದಾಗ ಮಾತ್ರ ಎಂದೆ. ಜಿಗಣೆ ಎಂದರೇನೆಂದು ವಿವರಿಸುವಷ್ಟರಲ್ಲಿ ನಗೆ ಹಳಸಿತ್ತು.

ಮೊದಲು ಬಂದ ಹುಡುಗ ಅಚ್ಚುಕಟ್ಟಾಗಿ ಹಾರಿದ. ಒಂದು ಕೊಕ್ಕೆಯೂ ಇಲ್ಲ. ಆದರೂ ಗೆಳತಿಯ ಗಂಡ ಕೊಟ್ಟದ್ದು ನೂರಕ್ಕೆ 81. ಅನ್ಯಾಯ ಅನ್ನಿಸಿತು, ಕೇಳಿಯೇಬಿಟ್ಟೆ. "ಇನ್ನೂ ಏಳು ಮಂದಿ ಇದ್ದಾರೆ. ಇವನಿಗೆ 95 ಕೊಟ್ಟುಬಿಟ್ಟರೆ, ಇವನಿಗಿಂತ ಚೆನ್ನಾಗಿ ಮಾಡಿದವನನ್ನು ಎಲ್ಲಿ ಕೂರಿಸಲಿ?" ಎಂದ. ಐವರು ತೀರ್ಪುಗಾರರಿರುವಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಹಿಡಿಯುವ ಪದ್ಧತಿಯುಂಟು. 79, 86, 87, 88, 91 ಬಂದರೆ ಎರಡು ತುದಿ ಹೋಗಿ 87 ನಿಲ್ಲುತ್ತದೆ. ಒಬ್ಬನ ಪಕ್ಷಪಾತ ಇದರಲ್ಲಿ ಕಳೆದುಹೋಗುತ್ತದೆ. ಆದರೆ ಐವರೂ ಮುಂದಿನವರಿಗೆಂದು ಜಾಗ ಕಾದಿರಿಸುತ್ತಿದ್ದರೆ ಮೊದಲು ಬಂದವನ ನಷ್ಟವನ್ನು ಯಾವ ಸರಾಸರಿಯೂ ತುಂಬಿಕೊಡುವುದಿಲ್ಲ. ನನಗಿನ್ನೂ ಇದು ಒಪ್ಪಿಗೆಯಾಗಿಲ್ಲ.

ಮಡಿಕೇರಿಯ ಚಳಿಯಲ್ಲಿ ಇಷ್ಟನ್ನೂ ಭಾವನಿಗೆ ಹೇಳಿದೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟದಲ್ಲಿ ಟ್ರಾವಿಸ್ ಪಾಸ್ಟ್ರಾನಾ ಎಂಬ 15 ವರ್ಷದ ಹುಡುಗನಿಗೆ 99 ಅಂಕ ಬಂದ ಕಥೆಯನ್ನೂ ಹೇಳಿದೆ. ಅವನು ಅದೇ ಸ್ಪರ್ಧೆಯಲ್ಲಿ ಬೈಕಿನ ಸಮೇತ ಸಮುದ್ರದ ಕೊಲ್ಲಿಗೆ ಹಾರಿದ್ದು ಭಾವನಿಗೆ ಬಹಳ ಹಿಡಿಸಿತು. ಬಳಿಕ 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವನೇ, ಸ್ಪರ್ಧೆಯಲ್ಲಿ ಅದುವರೆಗೆ ಯಾರೂ ಮಾಡಿರದ ಜೋಡಿ ಹಿಂಲಾಗ ಹಾಕಿ ನೆಟ್ಟಗೆ ಇಳಿದ.

"ಎಷ್ಟು ಕೊಟ್ಟರು?"

"98.60."

ಭಾವ ಮೊಬೈಲನ್ನು ಕೆಳಗಿಳಿಸಿದರು. "ಜಗತ್ತಿನಲ್ಲಿ ಯಾರೂ ಮಾಡದ್ದನ್ನು ಮಾಡಿದ. ಬೀಳಲೂ ಇಲ್ಲ. ಮತ್ತೆ ಆ 1.40 ಎಲ್ಲಿ ಹೋಯಿತು? ಯಾವನು ಕತ್ತರಿಸಿದ?"

"ನಾಳೆ ಇನ್ನೊಬ್ಬ ಮೂರು ಲಾಗ ಹಾಕಿದರೆ?"

"ಹಾಕಿದನೇ?"

ಹಾಕಿದ. 2015ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಜಾಶ್ ಶೀಹನ್, ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಪಾಸ್ಟ್ರಾನಾನ ಜಾಗದಲ್ಲೇ ಮೂರು ಲಾಗ ಹಾಕಿ ಇಳಿದ. ಆದರೆ ಅದು ಸ್ಪರ್ಧೆಯಲ್ಲ. ತೀರ್ಪುಗಾರರಿಲ್ಲ, ಅಂಕವೂ ಇಲ್ಲ. ಕಾದಿರಿಸಿದ ಆ 1.40 ಅವನಿಗೂ ಸಿಗಲಿಲ್ಲ ಎಂದಾಗ ಭಾವ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ತಕರಾರಿಗೆ ಎಡೆಯಿಲ್ಲದ ಸ್ಪರ್ಧೆಯೂ ಅಲ್ಲಿದೆ. ಅಡ್ಡಪಟ್ಟಿಯನ್ನು ಏರಿಸುತ್ತಾ ಹೋಗುತ್ತಾರೆ, ಬೈಕಿನೊಡನೆ ತಾಗದೆ ದಾಟಿದವನು ಉಳಿಯುತ್ತಾನೆ. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಂತೆ: ಕಾಯಿ ಒಡೆಯಿತು, ಇಲ್ಲವೇ ಒಡೆಯಲಿಲ್ಲ, ಅಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ. ಬೈಕನ್ನು ಗಾಳಿಯಲ್ಲಿ ಅಡ್ಡಕ್ಕೆ ಬೀಸುವ 'ವಿಪ್' ಸ್ಪರ್ಧೆಯಲ್ಲಿ ಕೆಲವು ಕಡೆ ಪ್ರೇಕ್ಷಕರ ಕೂಗೇ ತೀರ್ಪು ಎಂದೆ. "ಆ ಪದ್ಧತಿ ಇಲ್ಲಿಗೆ ತರಬೇಡ ಮಾರಾಯ್ತಿ, ದೊಡ್ಡ ಕೇರಿಯವರೇ ಪ್ರತಿ ವರ್ಷ ಗೆಲ್ಲುತ್ತಾರೆ" ಎಂದರು.

ಅಷ್ಟರಲ್ಲಿ ತಿರುವಿನಾಚೆ ಜನರೇಟರ್ ಸದ್ದು. ಮಂಜಿನಲ್ಲಿ ಮೊದಲು ಬೆಳಕು ಬಂತು, ಆಮೇಲೆ ಟ್ರ್ಯಾಕ್ಟರ್, ಆಮೇಲೆ ದೇವಿ. ಕಥೆ ಸರಾಗವಾಗಿ ಸಾಗಿತು. ಗರುಡ ರೆಕ್ಕೆ ಬಡಿದ, ಹೊಗೆ ಎದ್ದಿತು, ಅಸುರನ ರುಂಡ ಹೊತ್ತಿಗೆ ಸರಿಯಾಗಿ ಕಳಚಿ ಬಿತ್ತು. ಎದುರಿನ ಕಟ್ಟಡದ ಮಾಳಿಗೆಯಿಂದ ಶಿಳ್ಳೆ. ನಾನು ಚಪ್ಪಾಳೆ ತಟ್ಟುತ್ತಾ ಪಕ್ಕಕ್ಕೆ ತಿರುಗಿದರೆ, ಭಾವ ಮೆಡಿಕಲ್ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದರು. ಇಣುಕಿದೆ.

"78? ಒಂದು ತಪ್ಪೂ ಇರಲಿಲ್ಲವಲ್ಲ, ಭಾವ?"

"ಸುಮ್ಮನಿರು. ಇನ್ನೂ ಒಂಬತ್ತು ಬರಲಿಕ್ಕಿದೆ."