ಫೋನ್ ಮಾಡಿದರೆ ಸಾಲದೇ?

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು, ಕೊಡೆ ಹಿಡಿದು ಹೊರಟೆನೆಂದರೆ ಪೇಟೆಯಿಂದ ಬಂದ ನೆಂಟರಿಂದ ಹಿಡಿದು ನನ್ನ ತಮ್ಮನವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಇಷ್ಟು ದೂರ ನಡೆಯುವ ಬದಲು ಒಂದು ಫೋನ್ ಮಾಡಿದರೆ ಸಾಲದೇ?"

ಸಿಗ್ನಲ್ ಸಿಗಬೇಕಲ್ಲ ಎಂದು ನಕ್ಕು ಮುಂದೆ ಹೋಗುತ್ತೇನೆ. ನಿಜವಾದ ಕಾರಣ ಬೇರೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದರೂ 3, 7, 14, 21, 28 ಮತ್ತು 42ನೇ ದಿನ ನಾನು ಬಾಣಂತಿಯ ಮನೆಗೆ ಹೋಗಬೇಕು. ಮಗುವನ್ನು ಜೋಳಿಗೆಯಂಥ ತಕ್ಕಡಿಯಲ್ಲಿ ತೂಗುತ್ತೇನೆ. ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಉಸಿರಿನ ಲೆಕ್ಕ 60 ಮುಟ್ಟಿದರೆ ಇನ್ನೊಮ್ಮೆ ಎಣಿಕೆ. ಮತ್ತೆ ಅಷ್ಟೇ ಬಂದರೆ 108ಕ್ಕೆ ಕರೆ.

ಒಂದು ಮಳೆಗಾಲದಲ್ಲಿ ನಾನೂ ಸೋಮಾರಿತನ ಮಾಡಿ ಫೋನನ್ನೇ ಹಚ್ಚಿದ್ದೆ. "ಮಗು ಚೆನ್ನಾಗಿದೆ, ಅಳುವುದೇ ಇಲ್ಲ, ಬಹಳ ಸಾಧು" ಎಂದರು ಅಜ್ಜಿ. ಆ 'ಸಾಧು' ನನಗೆ ಸರಿಬರಲಿಲ್ಲ. ಹಳ್ಳ ತುಂಬಿ ಹರಿಯುತ್ತಿತ್ತು. ಅಡಿಕೆ ಮರದ ಸಂಕದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಮಗುವಿನ ಪಾದ ತಣ್ಣಗಿತ್ತು. ಬೆಳಗಿನಿಂದ ಹಾಲೇ ಕುಡಿದಿರಲಿಲ್ಲ. ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಕಂಬಳಿ ಹೊದೆಸಿ ಹಾಗೆಯೇ ಆಸ್ಪತ್ರೆಗೆ ಕರೆದೊಯ್ದೆವು. ಮಗು ಉಳಿಯಿತು. ಈಗ ನನ್ನನ್ನು ಕಂಡರೆ ಓಡಿಹೋಗುತ್ತದೆ, ಚುಚ್ಚುಮದ್ದಿಗೆ ಕರೆಯುವವಳು ನಾನೇ ಅಲ್ಲವೇ!

ಮಂಗನ ಕಾಯಿಲೆಯ ಕಾಲದಲ್ಲಂತೂ ಫೋನ್ ಏನೇನೂ ಸಾಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳ ಕಚ್ಚುವುದರಿಂದ ಬರುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕೊಟ್ಟಿಗೆಗೆ ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತೇವೆ. ಕೇಳಿದರೆ ಎಲ್ಲರೂ "ಹಚ್ಚುತ್ತೇವೆ" ಎನ್ನುತ್ತಾರೆ. ಗೂಡಿನಲ್ಲಿಟ್ಟ ಬಾಟಲಿಯ ಮುಚ್ಚಳವನ್ನೇ ತೆರೆದಿಲ್ಲವೆಂಬುದು ಅಡುಗೆಮನೆಯವರೆಗೆ ಹೋದವರಿಗೆ ಮಾತ್ರ ಗೊತ್ತು.

ಆಶಾ ಯೋಜನೆ ಶುರುವಾದದ್ದು 2005ರಲ್ಲಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿಯೂ ಬಂತು. ನಮಗೆ ಸಿಗುವುದು ಮಾತ್ರ ಇಂದಿಗೂ ಗೌರವಧನ, ಪ್ರೋತ್ಸಾಹಧನ, ಸಂಬಳವಲ್ಲ. ಆ ಮಾತು ಬೆಳೆಸಿದರೆ ಈ ಬರಹ ಮುಗಿಯುವುದಿಲ್ಲ.

ಒಮ್ಮೆ ಅಡಿಕೆ ಸುಲಿಯುತ್ತಿದ್ದ ಹೆಂಗಸರ ಪಕ್ಕ ಕುಳಿತಿದ್ದೆ. ಒಬ್ಬಾಕೆ ಮೆಟ್ಟುಗತ್ತಿಯಿಂದ ತಲೆಯೆತ್ತದೆ, "ಬ್ಯಾಣದ ಅಂಚಿನಲ್ಲಿ ಎರಡು ದಿನದಿಂದ ಏನೋ ಕೊಳೆತ ವಾಸನೆ" ಎಂದಳು. ನನಗೆ ಹೇಳಿದ್ದೂ ಅಲ್ಲ, ಸುಮ್ಮನೆ ಆಡಿದ ಮಾತು. ಆ ಹುಲ್ಲುಗಾವಲಿನತ್ತ ಹೋಗಿ ದೂರದಿಂದಲೇ ನೋಡಿದರೆ ಸತ್ತ ಮಂಗ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡುತ್ತವೆ.

ಸಿಗ್ನಲ್ ಸಿಗುವ ಬಂಡೆ ಹತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ. ಉಣುಗು ಸಾಯಿಸುವ ಪುಡಿ ಉದುರಿಸುವವರು ಬರುವವರೆಗೆ ಆ ಕಡೆ ಯಾರೂ ಹೋಗಬೇಡಿ ಎಂದು ಹೇಳಲು ಮತ್ತೆ ಮನೆಮನೆಗೆ ನಡೆದೆ.